ಸೂಚಕ ಏನನ್ನು ಎಣಿಸುತ್ತದೆ? ಅಂತರರಾಷ್ಟ್ರೀಯ ಸಹಕಾರದ ಪಾಠವನ್ನು ಎರಡು ಬಾರಿ ಮಾಡಿದ ಅನುಭವ

ಬೋಧನಾಭ್ಯಾಸದ ಎರಡನೇ ವಾರ ಹತ್ತನೇ ತರಗತಿಗೆ ರಾಷ್ಟ್ರಗಳ ನಡುವಿನ ಸಹಕಾರದ ಬಗ್ಗೆ ಪಾಠ ಮಾಡಬೇಕಿತ್ತು. ಸಹಕಾರ ಕಣ್ಣಿಗೆ ಕಾಣುವ ವಸ್ತುವಲ್ಲ. ಅಂಕಿಗಳನ್ನು ತೋರಿಸಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ ಎಂದುಕೊಂಡು ಒಂದು ಚಾರ್ಟ್ ಸಿದ್ಧಪಡಿಸಿದೆ. ಅದರಲ್ಲಿ ಮೂರು ಸಾಲುಗಳಿದ್ದವು. ಐರೋಪ್ಯ ಒಕ್ಕೂಟದ ದೇಶಗಳ ಸರಕು ವ್ಯಾಪಾರದಲ್ಲಿ ಸುಮಾರು ಶೇ. 60 ಭಾಗ ಅವುಗಳ ನಡುವೆಯೇ ನಡೆಯುತ್ತದೆ. ದಕ್ಷಿಣ ಏಷ್ಯಾದಲ್ಲಿ ಇದು ಸುಮಾರು ಶೇ. 5 ಮಾತ್ರ. ಅಮೆರಿಕ ಮತ್ತು ರಷ್ಯಾ ನಡುವಿನ ಸರಕು ವ್ಯಾಪಾರ 2021ರಲ್ಲಿ ಸುಮಾರು 3,600 ಕೋಟಿ ಡಾಲರ್ ಇದ್ದದ್ದು, ಉಕ್ರೇನ್ ಯುದ್ಧ ಮತ್ತು ಆರ್ಥಿಕ ನಿರ್ಬಂಧಗಳ ನಂತರ 2024ರಲ್ಲಿ ಸುಮಾರು 350 ಕೋಟಿಗೆ ಇಳಿಯಿತು.

ಚಾರ್ಟ್ ವಿವರಿಸಿ, ಕಪ್ಪುಹಲಗೆಯ ಮೇಲೆ ಸಾಮಾನ್ಯೀಕರಣ ಬರೆದೆ: ‘ವ್ಯಾಪಾರ ಹೆಚ್ಚಿದ್ದಲ್ಲಿ ಸಹಕಾರ ಇರುತ್ತದೆ, ವ್ಯಾಪಾರ ನಿಂತಲ್ಲಿ ಸಹಕಾರ ನಿಲ್ಲುತ್ತದೆ.’ ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಶುಭಾಂಶು ಶುಕ್ಲಾ ಹೋಗಿದ್ರಲ್ಲ, ಆ ಬಾಹ್ಯಾಕಾಶ ನಿಲ್ದಾಣದಲ್ಲಿ ಅಮೆರಿಕದವ್ರೂ ರಷ್ಯಾದವ್ರೂ ಒಟ್ಟಿಗೇ ಇದ್ರು. ಸಹಕಾರ ನಿಂತೋಗಿದ್ರೆ ಅದು ಹೇಗೆ ಸರ್?”

ನನ್ನ ಬಳಿ ಉತ್ತರವಿರಲಿಲ್ಲ. “ಅದು ವಿಜ್ಞಾನದ ವಿಷಯಮ್ಮಾ, ಈಗ ಪಾಠ ಕೇಳು” ಎಂದೆ. ಅವಳು ಕುಳಿತಳು. ಉಳಿದವರು ನಾನು ಬರೆದ ವಾಕ್ಯವನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡರು.

ಹಿಂದೆ ಕುಳಿತಿದ್ದ ನಮ್ಮ ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಚಾರ್ಟ್ ಚೆನ್ನಾಗಿದೆ, ತರಗತಿಯ ಅತ್ಯುತ್ತಮ ಪ್ರಶ್ನೆಯನ್ನು ಕೂರಿಸಲಾಯಿತು.’ ಅವರ ಅನುಮತಿ ಪಡೆದು ಅದೇ ಪಾಠವನ್ನು ಅದೇ ತರಗತಿಗೆ ಮತ್ತೊಮ್ಮೆ ಮಾಡಿದೆ.

ಎರಡನೇ ಪಾಠದ ಯೋಜನೆ

ಈ ಬಾರಿ ಸಾಮಾನ್ಯೀಕರಣವನ್ನು ಮೊದಲೇ ಬರೆದಿಟ್ಟುಕೊಳ್ಳಲಿಲ್ಲ. ಹಲಗೆಯ ಮೇಲೆ ಮೂರು ಕಾಲಂ ಎಳೆದೆ: ಸೂಚಕ, ಅದು ಏನನ್ನು ಎಣಿಸುತ್ತದೆ, ಏನು ಬಿಟ್ಟುಹೋಗುತ್ತದೆ. ತರಗತಿಯನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪ್ರಕರಣದ ಮಾಹಿತಿ ಚೀಟಿ ಕೊಟ್ಟೆ.

ಮೊದಲ ಗುಂಪಿಗೆ ರಫ್ತಿನ ಅಂಕಿ. 2009ರಲ್ಲಿ ಚೀನಾದಲ್ಲಿ ಜೋಡಣೆಯಾಗಿ ಅಮೆರಿಕಕ್ಕೆ ಹೋಗುತ್ತಿದ್ದ ಒಂದು ಐಫೋನಿನ ತಯಾರಿಕಾ ವೆಚ್ಚ ಸುಮಾರು 179 ಡಾಲರ್. ಲೆಕ್ಕದಲ್ಲಿ ಅಷ್ಟೂ ಚೀನಾದ ರಫ್ತು. ಆದರೆ ಚೀನಾದಲ್ಲಿ ಜೋಡಣೆಗೆ ತಗುಲಿದ್ದು ಸುಮಾರು 6.50 ಡಾಲರ್ ಮಾತ್ರ. ಬಿಡಿಭಾಗಗಳು ಜಪಾನ್, ಜರ್ಮನಿ, ದಕ್ಷಿಣ ಕೊರಿಯಾ, ಅಮೆರಿಕ ಮೊದಲಾದ ದೇಶಗಳ ಕಂಪನಿಗಳವು. “ಎರಡು ದೇಶದ ವ್ಯಾಪಾರ ಅಂತ ಬರೆದಿದ್ದಾರೆ, ಕೆಲಸ ಮಾಡಿದ್ದು ಐದಾರು ದೇಶ” ಎಂದು ಗುಂಪಿನ ನಾಯಕ ಹೇಳಿದ. ಬಿಟ್ಟುಹೋದದ್ದು ಏನೆಂಬ ಕಾಲಂ ತುಂಬಿತು.

ಎರಡನೇ ಗುಂಪಿಗೆ ಜಂಟಿ ಸಂಶೋಧನಾ ಲೇಖನಗಳು. ತಂತ್ರಜ್ಞಾನ ಸಹಕಾರವನ್ನು ಅಳೆಯಲು ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಸೇರಿ ಬರೆದ ಲೇಖನಗಳನ್ನು ಎಣಿಸುವುದುಂಟು. ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿಯ ಬಗ್ಗೆ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಎರಡು ತಂಡಗಳು 2015ರಲ್ಲಿ ಪ್ರಕಟಿಸಿದ ಒಂದು ಲೇಖನಕ್ಕೆ 5,154 ಲೇಖಕರು. ಎಣಿಕೆಯಲ್ಲಿ ಅದೂ ಒಂದೇ, ಇಬ್ಬರು ಬರೆದದ್ದೂ ಒಂದೇ. ಯಾರು ಎಷ್ಟು ಕೆಲಸ ಮಾಡಿದರು ಎಂಬುದು ಆ ಸಂಖ್ಯೆಯಲ್ಲಿ ಇಲ್ಲ ಎಂದು ಮಕ್ಕಳು ಬರೆದರು.

ಮೂರನೇ ಗುಂಪಿಗೆ ಆ ಹುಡುಗಿಯ ಪ್ರಶ್ನೆಯನ್ನೇ ಕೊಟ್ಟೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗ 1998ರಲ್ಲಿ ಕಕ್ಷೆ ಸೇರಿತು. 2000ದ ನವೆಂಬರ್‌ನಿಂದ ಅಲ್ಲಿ ಮನುಷ್ಯರು ಇಲ್ಲದ ದಿನವಿಲ್ಲ. ವ್ಯಾಪಾರ ಕುಸಿಯುತ್ತಿದ್ದ 2022ರಲ್ಲೇ, ಸೆಪ್ಟೆಂಬರ್ 21ರಂದು ಅಮೆರಿಕದ ಫ್ರಾಂಕ್ ರೂಬಿಯೋ ರಷ್ಯಾದ ಸೋಯುಜ್ ನೌಕೆಯಲ್ಲಿ ಹೋದರು. ಅಕ್ಟೋಬರ್ 5ರಂದು ರಷ್ಯಾದ ಆನ್ನಾ ಕಿಕಿನಾ ಅಮೆರಿಕದ ಡ್ರ್ಯಾಗನ್ ನೌಕೆಯಲ್ಲಿ ಹೋದರು. ಕಾರಣವೂ ಚೀಟಿಯಲ್ಲಿತ್ತು. ನಿಲ್ದಾಣದ ವಿದ್ಯುತ್ತಿನ ಬಹುಪಾಲು ಅಮೆರಿಕದ ಸೌರಫಲಕಗಳಿಂದ ಬರುತ್ತದೆ. ಕಕ್ಷೆಯ ಎತ್ತರ ಕಾಯ್ದುಕೊಳ್ಳುವ ಕೆಲಸ ಬಹುಮಟ್ಟಿಗೆ ರಷ್ಯಾದ ಭಾಗದ್ದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ನಡೆಸುವುದು ಕಷ್ಟ.

ಇಲ್ಲಿ ತರಗತಿ ಎರಡಾಯಿತು. “ಬೇರೆ ದಾರಿಯಿಲ್ಲದೆ ಒಟ್ಟಿಗೆ ಇರೋದು ಸಹಕಾರ ಹೇಗಾಗುತ್ತೆ?” ಎಂದು ಒಬ್ಬ ಕೇಳಿದ. “ಬಿಟ್ಟುಬಿಡಬಹುದಿತ್ತಲ್ಲ, ಬಿಡಲಿಲ್ಲ, ಅದೇ ಸಹಕಾರ” ಎಂದಳು ಆ ಹುಡುಗಿ. ನಾನು ತೀರ್ಪು ಕೊಡಲಿಲ್ಲ. ಗಗನಯಾತ್ರಿಗಳ ಅದಲುಬದಲಿನ ಸಂಖ್ಯೆಗೂ ಮೂರನೇ ಕಾಲಂ ಇದೆ, ಭೂಮಿಯ ಮೇಲಿನ ಯುದ್ಧ ಅದರಲ್ಲಿ ಕಾಣುವುದಿಲ್ಲ ಎಂದಷ್ಟೇ ಸೇರಿಸಿದೆ. ಕೊನೆಯಲ್ಲಿ ಹಿಂದಿನ ಸಾಮಾನ್ಯೀಕರಣವನ್ನು ಹೊಡೆದುಹಾಕಲು ಹೇಳಿದೆ. ಮಕ್ಕಳೇ ಕಟ್ಟಿದ ವಾಕ್ಯ ಇದು: ‘ಒಂದು ಸೂಚಕ ತಾನು ಎಣಿಸಿದ್ದನ್ನು ಮಾತ್ರ ಹೇಳುತ್ತದೆ.’

ನಾನು ಕಲಿತದ್ದು

ನನ್ನ ಮೊದಲ ಚಾರ್ಟಿನ ಅಂಕಿಗಳಲ್ಲಿ ತಪ್ಪಿರಲಿಲ್ಲ. ಆ ಅಂಕಿಗಳಿಂದ ತೀರ್ಮಾನಕ್ಕೆ ನಾನು ಹಾರಿದ ರೀತಿಯಲ್ಲಿ ತಪ್ಪಿತ್ತು. ವ್ಯಾಪಾರದ ಅಂಕಿ ಗಡಿ ದಾಟಿದ ಸರಕಿನ ಬೆಲೆಯನ್ನು ಹೇಳುತ್ತದೆ. ದೇಶಗಳ ನಡುವಿನ ಎಲ್ಲ ಸಂಬಂಧವನ್ನೂ ಅಲ್ಲ. ಹಾಗೆಂದು ಅಂಕಿಗಳನ್ನು ಬಿಡಬೇಕಿಲ್ಲ. ಒಂದರ ಪಕ್ಕ ಇನ್ನೊಂದನ್ನು ಇಟ್ಟು, ಅವು ಬೇರೆ ಬೇರೆ ಮಾತು ಹೇಳಿದಾಗ ಏಕೆ ಎಂದು ಕೇಳಬೇಕು.

ಸಹ ಪ್ರಶಿಕ್ಷಣಾರ್ಥಿಗಳು ಮೂರು ಕಾಲಂಗಳ ಈ ಪಟ್ಟಿಯನ್ನು ತಲಾದಾಯ, ಸಾಕ್ಷರತೆ ಮುಂತಾದ ಪಾಠಗಳಲ್ಲೂ ಬಳಸಿ ನೋಡಬಹುದು. ಮೌಲ್ಯಮಾಪನದಲ್ಲಿ ‘ವ್ಯಾಪಾರ ಎಷ್ಟು ಇಳಿಯಿತು?’ ಎಂಬ ಪ್ರಶ್ನೆಯ ಜೊತೆಗೆ ‘ಈ ಅಂಕಿ ಏನನ್ನು ಹೇಳುವುದಿಲ್ಲ?’ ಎಂಬುದನ್ನೂ ಸೇರಿಸಿ. ಪಾಠ ಯೋಜನೆಯಲ್ಲಿ ಐದು ನಿಮಿಷವನ್ನಾದರೂ ಮಕ್ಕಳ ಪ್ರಶ್ನೆಗಳಿಗೆ ಉಳಿಸಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ನನ್ನ ಎರಡನೇ ಪಾಠ ಹುಟ್ಟಿದ್ದು ಅಂಥ ಒಂದು ಪ್ರಶ್ನೆಯಿಂದಲೇ.