ಶವಸಂಸ್ಕಾರದ ಪೂಜೆಯಲ್ಲಿ ಎಲ್ವಿಸ್‌ನ ಹಾಡೇ?

"ಅಪ್ಪನಿಗೆ ಎಲ್ವಿಸ್ ಪ್ರೆಸ್ಲಿಯ ಹಾಡೆಂದರೆ ಪ್ರಾಣ ಫಾದರ್, ಪೂಜೆಯಲ್ಲಿ ಒಂದನ್ನು ಹಾಕಿಸಿ." ಅಮೆರಿಕದ ಧರ್ಮಕೇಂದ್ರಗಳಲ್ಲಿ ಮೃತರ ಮನೆಯವರಿಂದ ಇಂಥ ಬೇಡಿಕೆ ಬರುವುದುಂಟು. ತಳ್ಳಿಹಾಕುವ ಮಾತಲ್ಲ ಇದು. 1977ರಲ್ಲಿ ತೀರಿಕೊಂಡ ಆ ರಾಕ್ ಗಾಯಕ ಸ್ಪರ್ಧೆಯಲ್ಲಿ ಗೆದ್ದ ಮೂರೂ ಗ್ರ್ಯಾಮಿ ಪ್ರಶಸ್ತಿಗಳು ಭಕ್ತಿಗೀತೆಗಳಿಗೇ ಬಂದವು!

ಆತ 1957ರಲ್ಲಿ ಹಾಡಿದ 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಗೀತೆಯನ್ನೇ ನೋಡಿ. 1932ರಲ್ಲಿ ಹೆರಿಗೆಯ ವೇಳೆ ಹೆಂಡತಿಯನ್ನೂ, ಬೆನ್ನಲ್ಲೇ ಹಸುಗೂಸನ್ನೂ ಕಳೆದುಕೊಂಡ ಥಾಮಸ್ ಡಾರ್ಸಿ ಅದನ್ನು ಬರೆದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಸಂಸ್ಕಾರದಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದ್ದೂ ಅದನ್ನೇ. ದಣಿದವನು ಪ್ರಭುವಿನ ಕೈ ಬೇಡುವ ಪ್ರಾರ್ಥನೆ ಅದು. ಗುರುಗಳ ಒಪ್ಪಿಗೆ ಪಡೆದು ಗಾಯನವೃಂದ ಹಾಡಲಿ, ಜನರೂ ದನಿಗೂಡಿಸಲಿ. ಧ್ವನಿಮುದ್ರಿಕೆ ಮಾತ್ರ ಬೇಡ. ಎಲ್ವಿಸ್‌ನ ಕಂಠ ಮಧುರವೇ. ಆದರೆ ಹಾಡು ಪೆಟ್ಟಿಗೆಯಿಂದ ಬಂದರೆ ಪ್ರಾರ್ಥಿಸುವವರು ಯಾರು?

'ಲವ್ ಮಿ ಟೆಂಡರ್' ಬೇರೆಯೇ ಬಗೆಯದು. ಅದು ಪ್ರಿಯಕರ ಪ್ರಿಯತಮೆಗೆ ಆಡುವ ಮಾತು. ಐವತ್ತು ವರ್ಷ ಬಾಳಿದ ವಿಧವೆಗೆ ಅದು ಅಮೂಲ್ಯ, ಒಪ್ಪೋಣ. ಆದರೆ ಬಲಿಪೂಜೆಯಲ್ಲಿ ನಾವು ಮೃತರ ನೆನಪನ್ನು ಮೆಲುಕು ಹಾಕುವುದಕ್ಕಿಂತ ಹೆಚ್ಚಾಗಿ, ಅವರ ಆತ್ಮಕ್ಕಾಗಿ ದೇವರಲ್ಲಿ ಮೊರೆಯಿಡುತ್ತೇವೆ. ಆ ಮೊರೆ ಅವರಿಗೆ ನಮ್ಮಿಂದ ಸಲ್ಲಬೇಕಾದ ಋಣ. ಲೌಕಿಕ ಹಾಡು ಮೃತರಿಗೆ ಎಷ್ಟೇ ಪ್ರಿಯವಾಗಿದ್ದರೂ ದೈವಾರಾಧನೆಗೆ ಸಲ್ಲದೆಂದು ಅಮೆರಿಕದ ಬಿಷಪರ 2007ರ ಸಂಗೀತ ಮಾರ್ಗಸೂಚಿಯೂ ಹೇಳುತ್ತದೆ.

ಹಾಗೆಂದು ಗುರುಗಳು "ಆಗದು" ಎಂದಷ್ಟೇ ಹೇಳಿ ಕಳಿಸಿದರೆ ನೊಂದವರು ಮತ್ತಷ್ಟು ನೋಯುತ್ತಾರೆ. ಸಮಾಧಿಯ ನಂತರ ಎಲ್ಲರೂ ಊಟಕ್ಕೆ ಕೂಡುತ್ತಾರಲ್ಲ, ಅಲ್ಲಿ ಆ ಹಾಡನ್ನು ಹಾಕಲಿ. ಅಪ್ಪ ಅದನ್ನು ಯಾವಾಗ, ಯಾರಿಗಾಗಿ ಗುನುಗುತ್ತಿದ್ದರೆಂದು ತಾಯಿಯೇ ಮೊಮ್ಮಕ್ಕಳಿಗೆ ಹೇಳಲಿ.