ಮರದ ಅಂಚಿನ ಸಂಸ್ಕಾರ

ಸಂಸ್ಕಾರವೆಂಬುದು ಎರಡು ಬಗೆಯಾದುದೆಂದು ಶಾಸ್ತ್ರಕಾರರ ಮತ. ಇರುವ ದೋಷವನ್ನು ಕಳೆಯುವುದು ದೋಷಾಪನಯನ. ಇಲ್ಲದ ಗುಣವನ್ನು ಕೂಡಿಸುವುದು ಗುಣಾಧಾನ. ಇವೆರಡಕ್ಕೂ ಮೊದಲು ಬೇಕಾದುದು, ಯಾವುದು ದೋಷ, ಯಾವುದು ಸ್ವಭಾವ ಎಂಬ ವಿವೇಕ. ಈ ವಿವೇಕಕ್ಕೆ ಬಡಗಿಯ ಕಾಯಕದಲ್ಲಿ ಒಳ್ಳೆಯ ನಿದರ್ಶನವುಂಟು. ಕಟ್ಟಿಗೆ ಮಾರುವುದನ್ನೇ ಕಾಯಕವಾಗಿ ಕೈಕೊಂಡ ಮೋಳಿಗೆಯ ಮಾರಯ್ಯನಂಥ ಶರಣರ ನಾಡಿನಲ್ಲಿ ಮರಗೆಲಸದಿಂದ ಪಾಠ ಕಲಿಯುವುದು ಅನುಚಿತವಾಗಲಾರದು.

ದಿಮ್ಮಿಯನ್ನು ಉದ್ದಕ್ಕೆ ಸೀಳಿದಾಗ ದೊರೆಯುವ ದಪ್ಪ ಹಲಗೆಯ ಎರಡು ಅಂಚುಗಳೂ ಮರ ಬೆಳೆದಂತೆಯೇ ಬಾಗಿ ಬಳುಕಿರುತ್ತವೆ. ಸಾಮಾನ್ಯವಾಗಿ ಬಡಗಿಯು ನೂಲು ಹಿಡಿದು ಅವನ್ನು ನೇರಕ್ಕೆ ಕೊಯ್ದುಬಿಡುತ್ತಾನೆ. ಹಾಗೆ ಕೊಯ್ಯದೆ, ಸಹಜವಾದ ಅಂಚನ್ನು ಉಳಿಸಿಕೊಂಡೇ ಮೇಜು ಮಾಡುವ ಪದ್ಧತಿಯನ್ನು ಲೋಕಪ್ರಸಿದ್ಧಗೊಳಿಸಿದವರಲ್ಲಿ ಜಾರ್ಜ್ ನಾಕಾಶಿಮಾ (1905–1990) ಅಗ್ರಗಣ್ಯರು. ಅಮೆರಿಕದಲ್ಲಿ ಜಪಾನೀ ತಂದೆತಾಯಿಗಳಿಗೆ ಜನಿಸಿದ ಇವರು 1930ರ ದಶಕದ ಉತ್ತರಾರ್ಧದಲ್ಲಿ ಪುದುಚೇರಿಗೆ ಬಂದು, ಶ್ರೀ ಅರವಿಂದಾಶ್ರಮದ ಗೋಲ್ಕೊಂಡ್ ವಸತಿಗೃಹದ ನಿರ್ಮಾಣದಲ್ಲಿ ದುಡಿದು, ಅಲ್ಲಿ ಸುಂದರಾನಂದರೆಂಬ ಹೆಸರನ್ನು ಪಡೆದರು. 1942ರಲ್ಲಿ, ಯುದ್ಧಕಾಲದ ಸಂಶಯದಿಂದ, ಅಮೆರಿಕದ ಸರಕಾರವು ಜಪಾನೀ ಮೂಲದ ಸಹಸ್ರಾರು ಜನರೊಡನೆ ಇವರನ್ನೂ ಸಂಸಾರಸಹಿತವಾಗಿ ಐಡಾಹೊ ರಾಜ್ಯದ ಮಿನಿಡೋಕಾ ಶಿಬಿರದಲ್ಲಿ ಕೂಡಿಹಾಕಿತು. ಆ ಬಂಧನದಲ್ಲಿಯೇ ಗೆಂಟಾರೊ ಹಿಕೊಗಾವಾ ಎಂಬ ಬಡಗಿಯ ಬಳಿ ಜಪಾನೀ ಸಂಪ್ರದಾಯದ ಮರಗೆಲಸವನ್ನು ಅವರು ಅಭ್ಯಾಸ ಮಾಡಿದರು.

ಇನ್ನು ಅಂಚನ್ನು ಸಂಸ್ಕರಿಸುವ ಕ್ರಮವನ್ನು ನೋಡಬಹುದು. ಹಲಗೆಯು ಮೊದಲು ಚೆನ್ನಾಗಿ ಒಣಗಬೇಕು. ಗಾಳಿಯಲ್ಲಿ ಒಣಗಿಸುವಾಗ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷವೆಂಬುದು ರೂಢಿಯ ಲೆಕ್ಕ. ಬಳಿಕ ತೊಗಟೆ. ಅದು ನೋಟಕ್ಕೆ ಚೆಲುವಾದರೂ ಮರ ಕುಗ್ಗಿದಂತೆ ಸಡಿಲಗೊಂಡು ಉದುರುವುದು. ಅದರ ಮರೆಯಲ್ಲಿ ಹುಳುಗಳು ನೆಲೆಸುವುವು. ಆದ್ದರಿಂದ ತೆಗೆಯುವುದೇ ಲೇಸು. ಚಿಗುರುವ ಕಾಲದಲ್ಲಿ ಕಡಿದ ಮರದ ತೊಗಟೆ ಸುಲಭವಾಗಿ ಸುಲಿದುಬರುತ್ತದೆ. ಬೆಳವಣಿಗೆ ನಿಂತ ಕಾಲದಲ್ಲಿ ಕಡಿದುದರದು ಬಿಗಿಯಾಗಿ ಅಂಟಿರುತ್ತದೆ. ಹರಿತವಾದ ಉಳಿಯು ಒಳಮರವನ್ನು ಕಚ್ಚುವುದರಿಂದ, ಮೊಂಡಾದ ಉಳಿಯನ್ನು ಓರೆಯಾಗಿ ಹಿಡಿದು ಕೊಡತಿಯಿಂದ ಮೆಲ್ಲನೆ ತಟ್ಟಿ ತೊಗಟೆಯನ್ನು ಎಬ್ಬಿಸಬೇಕು. ಉಳಿದ ನಾರನ್ನು ಹಿತ್ತಾಳೆ ತಂತಿಯ ಬ್ರಷ್ಷಿನಿಂದ, ಮರದ ಎಳೆ ಸಾಗುವ ದಿಕ್ಕಿನಲ್ಲಿಯೇ ಉಜ್ಜಬೇಕು. ಕಬ್ಬಿಣದ ತಂತಿಯ ಚೂರು ಸಿಕ್ಕಿಕೊಂಡರೆ, ಒಗರುಳ್ಳ ಮರದಲ್ಲಿ ನೀರು ತಾಗಿದೊಡನೆ ಕಪ್ಪು ಕಲೆ ಏಳುವುದು.

ತೊಗಟೆಯ ಅಡಿಯ ಬಿಳಿಯ ಪದರದಲ್ಲಿಯೇ ವಿವೇಕದ ಪರೀಕ್ಷೆ. ಹಲವು ಮರಗಳಲ್ಲಿ ಅಲ್ಲಿ ಪಿಷ್ಟವು ಸಂಗ್ರಹವಾಗಿರುವುದರಿಂದ ಕೊರೆಯುವ ಹುಳು ಅದನ್ನೇ ಮೊದಲು ಹಿಡಿಯುತ್ತದೆ. ಉಳಿಯ ತುದಿಯಿಂದ ಒತ್ತಿ ನೋಡಿ, ಪುಡಿಯಾಗುವ ಭಾಗವನ್ನು ಗಟ್ಟಿಮರ ಸಿಗುವವರೆಗೆ ಕೆರೆದು ತೆಗೆಯಬೇಕು, ಗಟ್ಟಿಯಾದುದನ್ನು ಮುಟ್ಟಬಾರದು. ಗಂಟು, ಕೊಂಬೆ ಮುರಿದ ಗಾಯ, ಅಂಕುಡೊಂಕು ಇವು ದೋಷಗಳಲ್ಲ, ಮರ ಬದುಕಿದ ಚರಿತ್ರೆ. ಹಲಗೆಯಲ್ಲಿ ಬಿರುಕಿದ್ದರೂ ನಾಕಾಶಿಮಾ ಅದನ್ನು ಮರೆಮಾಚುತ್ತಿರಲಿಲ್ಲ; ಚಿಟ್ಟೆಯಾಕಾರದ ಮರದ ತುಂಡನ್ನು ಅಡ್ಡಲಾಗಿ ಕೂರಿಸಿ, ಬಿರುಕು ಬೆಳೆಯದಂತೆ ಬಿಗಿಯುತ್ತಿದ್ದರು.

ಇಷ್ಟು ದೋಷಾಪನಯನ. ಗುಣಾಧಾನಕ್ಕೆ ಉಪ್ಪುಕಾಗದ ಮತ್ತು ಎಣ್ಣೆ. 80, 120, 180, 220 ಅಂಕಗಳ ಕಾಗದಗಳಿಂದ, ಒರಟಿನಿಂದ ನಯಕ್ಕೆ, ಅಂಚಿನ ಬಾಗನ್ನು ಅನುಸರಿಸಿ ಕೈಯಿಂದಲೇ ತಿಕ್ಕಬೇಕು. ಧೂಳನ್ನು ಒರಸಿ, ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಹೆಚ್ಚಾದುದನ್ನು ಒರಸಿ ತೆಗೆದು, ಪೂರ್ತಿ ಆರಿದ ಮೇಲೆ ಮತ್ತೆ ಸವರಬೇಕು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನೇ ಕಾವೇರಿ ಹೊತ್ತಿಕೊಳ್ಳುವ ಅಪಾಯವುಂಟು. ಬಯಲಿನಲ್ಲಿ ಹರವಿ ಒಣಗಿಸಬೇಕೆಂಬುದನ್ನು ಕಾರ್ಯಾನುಭವದ ತರಗತಿಗಳಲ್ಲಿ ಮೊದಲೇ ತಿಳಿಸುವುದು ಅವಶ್ಯ.

ಗುರುವಿನ ಮುಂದೆ ಬಂದು ನಿಲ್ಲುವ ಮಕ್ಕಳ ಅಂಚುಗಳೂ ಹೀಗೆಯೇ ಒಂದರಂತೆ ಒಂದಿರುವುದಿಲ್ಲ. ಎಲ್ಲರನ್ನೂ ಒಂದೇ ನೂಲಿಗೆ ಕೊಯ್ದರೆ ಸಾಲು ನೇರವಾದೀತು, ಆದರೆ ಹಲಗೆಯ ಅಗಲ ನಷ್ಟವಾದೀತು. ಸ್ವಭಾವವೆಂದು ಕೊಳೆತುದನ್ನೂ ಬಿಟ್ಟರೆ ಹುಳು ಒಳಗೆ ಸಾಗೀತು. ಒತ್ತಿ ನೋಡಿ ಅರಿಯುವ ತಾಳ್ಮೆಯೇ ಬಡಗಿಗೂ ಅಧ್ಯಾಪಕನಿಗೂ ಸಮಾನವಾಗಿ ಬೇಕಾದ ವಿದ್ಯೆ.