ಅಂಗೈ ಕೆಂಪಗೆ ಬೆಳಗುತ್ತದೆ, ಮೂಳೆ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಕರೆಂಟ್ ಹೋದಾಗ ಮೊಬೈಲ್ ಟಾರ್ಚನ್ನು ಅಂಗೈಗೆ ಒತ್ತಿದರೆ ಕೈಯೆಲ್ಲ ಕೆಂಪಗೆ ಬೆಳಗುತ್ತದೆ. ಮೂಳೆ ಮಾತ್ರ ಕಾಣುವುದಿಲ್ಲ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ನಮ್ಮ ದೊಡ್ಡಪ್ಪನನ್ನು ಸಿಟಿ ಸ್ಕ್ಯಾನಿಗೆಂದು ಬಳ್ಳಾರಿಗೆ ಕರೆದೊಯ್ದೆವು. ಬೆಳಕಿನಲ್ಲೇ ತಲೆಯೊಳಗೆ ನೋಡಲು ಬರುವುದಿಲ್ಲವೇ?
— ಓದುಗರು, ಸಿರುಗುಪ್ಪ

ಉತ್ತರ: ಬರುತ್ತದೆ. ಆದರೆ ಫೋಟೊ ತೆಗೆದಷ್ಟು ಸ್ಪಷ್ಟವಾಗಿ ಅಲ್ಲ.

ಟಾರ್ಚಿನ ಬಿಳಿ ಬೆಳಕಿನಲ್ಲಿರುವ ನೀಲಿ, ಹಸಿರನ್ನು ರಕ್ತದ ಹಿಮೋಗ್ಲೋಬಿನ್ ದಾರಿಯಲ್ಲೇ ನುಂಗುತ್ತದೆ. ಕೆಂಪು ತಪ್ಪಿಸಿಕೊಂಡು ಆಚೆ ಬರುತ್ತದೆ. ಕೆಂಪಿನ ಪಕ್ಕದ, ಕಣ್ಣಿಗೆ ಕಾಣದ ಅವಕೆಂಪು ಬೆಳಕು (ಸುಮಾರು 700ರಿಂದ 900 ನ್ಯಾನೊಮೀಟರ್) ಇನ್ನೂ ಆಳಕ್ಕಿಳಿಯುತ್ತದೆ. ಅದನ್ನೂ ದಾಟಿದರೆ ನೀರು ನುಂಗತೊಡಗುತ್ತದೆ.

ಮೂಳೆಯ ವಿಷಯಕ್ಕೆ ಬರೋಣ. ಎಕ್ಸ್‌-ರೇ ಬಹುಮಟ್ಟಿಗೆ ನೆಟ್ಟಗೆ ಹೋಗುವುದರಿಂದ ಮೂಳೆಯ ನೆರಳು ಬೀಳುತ್ತದೆ. ಬೆಳಕು ಮಾಂಸದೊಳಗೆ ಹೆಜ್ಜೆಹೆಜ್ಜೆಗೂ ದಿಕ್ಕು ಬದಲಿಸುತ್ತದೆ. ಗಾಜಿನ ಲೋಟಕ್ಕೆ ಹಾಲು ಹಾಕಿ, ನಡುವೆ ಚಮಚ ಇಳಿಸಿ, ಹಿಂದೆ ಟಾರ್ಚ್ ಹಿಡಿಯಿರಿ: ಲೋಟವೆಲ್ಲ ಬೆಳಗುತ್ತದೆ, ನಡುವಿನ ಚಮಚ ಕಾಣುವುದಿಲ್ಲ. ಅಂಗೈಯಲ್ಲಿ ಆಗುವುದೂ ಅದೇ.

ಹಾಗೆಂದು ಮೂಳೆ ಬೆಳಕನ್ನು ತಡೆಯುತ್ತದೆ ಎಂದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೊಬ್ಸಿಸ್ ಊಟದ ತಟ್ಟೆಯಲ್ಲಿ ಉಳಿದ ಹೆಗಲ ಮೂಳೆಯನ್ನು ದೀಪಕ್ಕೆ ಹಿಡಿದಾಗ ಕೆಂಪು ಬೆಳಕು ಹಾದುಬಂತು. 1977ರಲ್ಲಿ ಅವರು ಬೆಕ್ಕಿನ ಬುರುಡೆ ತೆರೆಯದೆಯೇ ಮಿದುಳಿನ ಆಮ್ಲಜನಕದ ಏರಿಳಿತ ಅಳೆದು ತೋರಿಸಿದರು. ಎಂಜಲು ತಟ್ಟೆಯಿಂದ ಇಷ್ಟು ದೊಡ್ಡ ವಿಜ್ಞಾನ ಹುಟ್ಟಿದ್ದು ಅಪರೂಪ!

ನಿಮ್ಮ ದೊಡ್ಡಪ್ಪನ ಪೆಟ್ಟಿಗೂ ಇದಕ್ಕೂ ನಂಟಿದೆ. ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ ಕಡೆ ಅವಕೆಂಪು ಬೆಳಕು ಹೆಚ್ಚು ಹೀರಿಹೋಗುತ್ತದೆ. ಎಡಗಡೆ ಒಂದು ಸಲ, ಬಲಗಡೆ ಅದೇ ಜಾಗದಲ್ಲಿ ಇನ್ನೊಂದು ಸಲ ಬೆಳಕು ಬಿಟ್ಟು ಹೋಲಿಸಿದರೆ ವ್ಯತ್ಯಾಸ ಸಿಗುತ್ತದೆ. ಇಂಥ ಕೈಯಲ್ಲಿ ಹಿಡಿಯುವ ಉಪಕರಣ ‘ಸೆರೆಬೊ’ ಐಸಿಎಂಆರ್, ಭೋಪಾಲದ ಏಮ್ಸ್, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಬಯೋಸ್ಕ್ಯಾನ್ ರಿಸರ್ಚ್ ಕಂಪನಿಯ ಜಂಟಿ ಕೆಲಸ. ಸಿರುಗುಪ್ಪ, ಕುರುಗೋಡಿನಂಥ ಊರುಗಳಲ್ಲಿ ಯಾರನ್ನು ತಡಮಾಡದೆ ಬಳ್ಳಾರಿಗೆ ಸಾಗಿಸಬೇಕು ಎಂದು ತೀರ್ಮಾನಿಸಲು ಇಂಥದ್ದು ಕೈಗಿದ್ದರೆ ಒಳ್ಳೆಯದು.

ಆದರೂ ಸಿಟಿ ತಪ್ಪುವುದಿಲ್ಲ. ಬೆಳಕು ಮುಟ್ಟುವುದು ಕೆಲವೇ ಸೆಂಟಿಮೀಟರ್ ಆಳ. ನಡುವಿನಲ್ಲಾದ ರಕ್ತಸ್ರಾವ ಕಣ್ಣುತಪ್ಪಬಹುದು, ಎರಡೂ ಬದಿ ಸಮನಾಗಿ ಆಗಿದ್ದರೆ ಹೋಲಿಕೆಯೇ ಕೈಕೊಡುತ್ತದೆ. ಕಪ್ಪು ಕೂದಲೂ ಬೆಳಕು ನುಂಗುತ್ತದೆ. ಅದನ್ನು ಸರಿಸಿ ಚರ್ಮಕ್ಕೆ ತಾಗಿಸಬೇಕು.

ಅಂದಹಾಗೆ, ದೊಡ್ಡಪ್ಪನ ಬೆರಳಿಗೆ ಕ್ಲಿಪ್ ಸಿಕ್ಕಿಸಿದ್ದರಾ? ಆ ಪಲ್ಸ್ ಆಕ್ಸಿಮೀಟರಿನಲ್ಲಿ ಸಾಮಾನ್ಯವಾಗಿ 660 ನ್ಯಾನೊಮೀಟರಿನ ಕೆಂಪು, 940ರ ಅವಕೆಂಪು ಎರಡೂ ಇರುತ್ತವೆ. ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಲೆಕ್ಕ ತಪ್ಪಬಹುದು.